ಪ್ರಧಾನ ಪಠ್ಯ ಯಾವುದು? ಮುರಿಯೆಟಾದ ಕ್ರೈಸ್ತ ಶಾಲೆ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರಕರಣ

2005ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಫೆಡರಲ್ ನ್ಯಾಯಾಲಯದಲ್ಲಿ ಒಂದು ದಾವೆ ದಾಖಲಾಯಿತು. ವಾದಿಗಳಲ್ಲಿ ಮೊದಲನೆಯದು ಅಸೋಸಿಯೇಷನ್ ಆಫ್ ಕ್ರಿಶ್ಚಿಯನ್ ಸ್ಕೂಲ್ಸ್ ಇಂಟರ್‌ನ್ಯಾಷನಲ್, ಅಂದರೆ ಎಸಿಎಸ್‌ಐ ಎಂಬ ಶಾಲೆಗಳ ಒಕ್ಕೂಟ. ಅದರ ಜೊತೆಗೆ ದಕ್ಷಿಣ ಕ್ಯಾಲಿಫೋರ್ನಿಯಾದ ಮುರಿಯೆಟಾ ಊರಿನ ಕ್ಯಾಲ್ವರಿ ಚಾಪೆಲ್ ಕ್ರಿಶ್ಚಿಯನ್ ಸ್ಕೂಲ್ ಮತ್ತು ಅಲ್ಲಿಯ ಕೆಲವು ವಿದ್ಯಾರ್ಥಿಗಳು. ಪ್ರತಿವಾದಿಯ ಕಡೆ ಯುಸಿ, ಅಂದರೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ. ಶಾಲೆಯ ಕೆಲವು ಕೋರ್ಸ್‌ಗಳನ್ನು ಪ್ರವೇಶದ ಲೆಕ್ಕಕ್ಕೆ ಒಪ್ಪದೆ ಯುಸಿ ಕ್ರೈಸ್ತ ದೃಷ್ಟಿಯ ವಿರುದ್ಧ ತಾರತಮ್ಯ ಮಾಡಿದೆ ಎಂಬುದು ವಾದಿಗಳ ದೂರು. ಪ್ರತಿವಾದಿಗಳ ಪಟ್ಟಿಯಲ್ಲಿ ಮೊದಲು ಬರುವ ಅಧಿಕಾರಿಯ ಹೆಸರಿನಿಂದಾಗಿ ಕಾನೂನು ವಲಯದಲ್ಲಿ ಇದಕ್ಕೆ ‘ಎಸಿಎಸ್‌ಐ ವಿರುದ್ಧ ಸ್ಟರ್ನ್ಸ್’ ಎಂದು ಹೆಸರು.

ಪತ್ರಿಕೆಗಳು ಇದನ್ನು ಸೃಷ್ಟಿವಾದ (ಜೀವಿಗಳನ್ನು ದೇವರೇ ಸೃಷ್ಟಿಸಿದ ಎಂಬ ನಿಲುವು) ಮತ್ತು ವಿಕಾಸವಾದದ ಇನ್ನೊಂದು ಜಗಳ ಎಂದು ಬರೆದವು. ವಾದಿಗಳ ವಕೀಲ ವೆಂಡೆಲ್ ಬರ್ಡ್ ಅವರೇ ಆಗಿದ್ದರಿಂದ ಹಾಗೆ ಕಂಡದ್ದು ಸಹಜ. 1987ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದ ಲೂಯಿಸಿಯಾನದ ಸೃಷ್ಟಿವಿಜ್ಞಾನ ಕಾಯ್ದೆಯ ಪರ ವಾದಿಸಿದ್ದವರು ಅವರು. ಆದರೆ ದಾಖಲೆಗಳನ್ನು ಓದಿದರೆ ಬೇರೆಯೇ ಸಂಗತಿ ಕಾಣುತ್ತದೆ. ಜೀವಶಾಸ್ತ್ರ ಇಲ್ಲಿ ಐದು ವಿಷಯಗಳಲ್ಲಿ ಒಂದು ಮಾತ್ರ. ಉಳಿದವು ಅಮೆರಿಕದ ಇತಿಹಾಸ, ಅಮೆರಿಕದ ಸಾಹಿತ್ಯ, ಸರ್ಕಾರ ಮತ್ತು ಜಗತ್ತಿನ ಧರ್ಮಗಳು. ಐದರಲ್ಲೂ ಯುಸಿಯ ತಕರಾರು ಒಂದೇ ಕಡೆಗೆ ಹೋಗಿ ನಿಲ್ಲುತ್ತದೆ: ಇಡೀ ತರಗತಿ ಯಾವ ಪುಸ್ತಕದ ಮೇಲೆ ನಿಂತಿದೆ, ಅದರ ಹೊರಗೆ ವಿದ್ಯಾರ್ಥಿ ಏನನ್ನು ಓದುತ್ತಾನೆ?

ಇಂಥ ಶಾಲೆಯ ದಿನಚರಿ

ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಶಾಲೆ ನಡೆಸಲು ರಾಜ್ಯದ ಪರವಾನಗಿ ಬೇಕಿಲ್ಲ. ಪ್ರತಿ ವರ್ಷ ಅಕ್ಟೋಬರ್ 1ರಿಂದ 15ರೊಳಗೆ ಒಂದು ಅಫಿಡವಿಟ್ ಸಲ್ಲಿಸಿದರೆ ಸಾಕು. ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ವಿಳಾಸ, ದಾಖಲೆ ಇಡುವವರು ಯಾರು ಎಂಬಂಥ ವಿವರಗಳು ಅದರಲ್ಲಿರುತ್ತವೆ. ಶಿಕ್ಷಕರಿಗೆ ರಾಜ್ಯದ ಅರ್ಹತಾಪತ್ರ ಕಡ್ಡಾಯವಲ್ಲ, ಕಲಿಸಲು ಸಮರ್ಥರಾಗಿದ್ದರೆ ಆಯಿತು ಎನ್ನುತ್ತದೆ ಕಾನೂನು. ಯಾವ ಪಠ್ಯ ಇಡಬೇಕು ಎಂದು ರಾಜ್ಯ ಹೇಳುವುದಿಲ್ಲ. ಈ ಸ್ವಾತಂತ್ರ್ಯ ದೊಡ್ಡದು, ನಿಜವಾದದ್ದು. ಈ ಪ್ರಕರಣದ ಉದ್ದಕ್ಕೂ ಯಾರೂ ಅದನ್ನು ಪ್ರಶ್ನಿಸಲಿಲ್ಲ.

ಇವ್ಯಾಂಜೆಲಿಕಲ್ ಶಾಲೆಯಲ್ಲಿ, ಅಂದರೆ ಬೈಬಲ್ಲನ್ನೇ ಪರಮ ಪ್ರಮಾಣವೆಂದು ನಂಬಿ ಸಾರುವ ಪ್ರೊಟೆಸ್ಟಂಟರ ಶಾಲೆಯಲ್ಲಿ, ಸತ್ಯವೇದ (ಬೈಬಲ್) ಬೆಳಗಿನ ಪ್ರಾರ್ಥನೆಗೆ ಮಾತ್ರ ಸೀಮಿತವಲ್ಲ, ಅದೊಂದು ಪೂರ್ಣ ವಿಷಯ. ನಾಲ್ಕು ವರ್ಷದ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಅದಕ್ಕೊಂದು ಪಿರಿಯಡ್, ಪರೀಕ್ಷೆ, ಗ್ರೇಡ್. ವಚನಗಳ ಕಂಠಪಾಠಕ್ಕೂ ಅಂಕ ಇರುವುದುಂಟು. ವಾರಕ್ಕೊಮ್ಮೆ ಚಾಪೆಲ್, ಅಂದರೆ ಎಲ್ಲರೂ ಸೇರುವ ಆರಾಧನೆ. ಹಾಡು, ಪಾಸ್ಟರ್ ಅಥವಾ ಅತಿಥಿಯ ಸಂದೇಶ, ಕೆಲವೆಡೆ ವಿದ್ಯಾರ್ಥಿಗಳದೇ ವಾದ್ಯತಂಡ. ಶಿಕ್ಷಕರು ವಿಶ್ವಾಸದ ಹೇಳಿಕೆಗೆ ಸಹಿ ಹಾಕಿಯೇ ಕೆಲಸಕ್ಕೆ ಸೇರುತ್ತಾರೆ. ಪಾಲಕರೂ ದೊಡ್ಡ ತರಗತಿಯ ಮಕ್ಕಳೂ ನಡತೆಯ ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಉಡುಪಿನ ನಿಯಮದಿಂದ ಹಿಡಿದು ಶಾಲೆಯ ಹೊರಗಿನ ನಡವಳಿಕೆಯವರೆಗೆ ಅದರ ವ್ಯಾಪ್ತಿ. ವಿಶ್ವಾಸಿಗಳ ಮಕ್ಕಳಿಗೆ ಮಾತ್ರ ಸೇರಿಕೆ ಕೊಡುವ ಶಾಲೆಗಳಿವೆ, ಅವು ಪಾಸ್ಟರ್‌ರಿಂದ ಪತ್ರ ಕೇಳುತ್ತವೆ. ಯಾರಿಗಾದರೂ ಬಾಗಿಲು ತೆರೆದು, ಬಂದವರಿಗೆ ಸುವಾರ್ತೆ ಮುಟ್ಟಿಸುವುದೇ ಸೇವೆ ಎಂದು ನಂಬುವ ಶಾಲೆಗಳೂ ಇವೆ.

ಪಠ್ಯದ ವಿಷಯಕ್ಕೆ ಬಂದರೆ ಇಲ್ಲಿನ ಆದರ್ಶ ಎಂದರೆ ಪ್ರತಿ ವಿಷಯವನ್ನೂ ಸತ್ಯವೇದದ ಬೆಳಕಿನಲ್ಲಿ ಕಲಿಸುವುದು. ಗಣಿತ, ಚರಿತ್ರೆ ಯಾವುದೂ ಅದಕ್ಕೆ ಹೊರತಲ್ಲ. ಇದನ್ನು ದಿನವೂ ಸ್ವಂತ ತಯಾರಿಯಿಂದ ಮಾಡುವುದು ಶಿಕ್ಷಕರಿಗೆ ಕಷ್ಟದ ಕೆಲಸ. ಆ ಕೊರತೆಯನ್ನು ತುಂಬುವವು ಎರಡು ಪ್ರಕಾಶನಗಳು: ಫ್ಲಾರಿಡಾದ ಪೆನ್ಸಕೋಲಾದ ಎ ಬೆಕಾ, ದಕ್ಷಿಣ ಕೆರೊಲಿನಾದ ಗ್ರೀನ್‌ವಿಲ್‌ನ ಬಾಬ್ ಜೋನ್ಸ್ ಯೂನಿವರ್ಸಿಟಿ ಪ್ರೆಸ್. ಎರಡೂ 1970ರ ದಶಕದಲ್ಲಿ ಶುರುವಾದವು. ವಿದ್ಯಾರ್ಥಿಯ ಪುಸ್ತಕದ ಜೊತೆ ಶಿಕ್ಷಕರ ಪ್ರತಿ, ಪಾಠಯೋಜನೆ, ಕಿರುಪರೀಕ್ಷೆ, ಉತ್ತರಸೂಚಿ ಎಲ್ಲ ಸಿದ್ಧವಾಗಿ ಬರುತ್ತವೆ. ಒಬ್ಬರೇ ಮೂರು ನಾಲ್ಕು ವಿಷಯ ಹೊರುವ ಸಣ್ಣ ಶಾಲೆಗೆ ಇದು ದೊಡ್ಡ ಅನುಕೂಲ. ತೊಂದರೆಯ ಬೀಜ ಇರುವುದೂ ಇಲ್ಲಿಯೇ. ಎಲ್ಲವನ್ನೂ ಒಂದೇ ಕಟ್ಟಿನಲ್ಲಿ ಕೊಡುವ ಪುಸ್ತಕ ಸಿಕ್ಕಾಗ ತರಗತಿಗೆ ಬೇರೆ ಪುಸ್ತಕ ಬರುವುದೇ ನಿಂತುಹೋಗುತ್ತದೆ, ಕೋರ್ಸ್ ಎಂದರೆ ಆ ಪುಸ್ತಕವೇ ಆಗಿಬಿಡುತ್ತದೆ.

ಹದಿನೈದರ ಲೆಕ್ಕ

ಯುಸಿಯ ಪ್ರವೇಶಕ್ಕೆ ‘ಎ’ಯಿಂದ ‘ಜಿ’ವರೆಗೆ ಏಳು ಗುಂಪಿನಲ್ಲಿ ಒಟ್ಟು 15 ವರ್ಷಪೂರ್ತಿ ಕೋರ್ಸ್ ಬೇಕು. ಇತಿಹಾಸ ಮತ್ತು ಸಮಾಜ ವಿಜ್ಞಾನ 2, ಇಂಗ್ಲಿಷ್ 4, ಗಣಿತ 3, ವಿಜ್ಞಾನ 2, ಇಂಗ್ಲಿಷಲ್ಲದ ಭಾಷೆ 2, ಕಲೆ 1, ಐಚ್ಛಿಕ 1. ಪ್ರತಿಯೊಂದರಲ್ಲೂ ‘ಸಿ’ ಅಥವಾ ಅದಕ್ಕೆ ಮೇಲಿನ ಗ್ರೇಡ್ ಬರಬೇಕು. ಕೋರ್ಸಿನ ಹೆಸರು ಹೊಂದಿದರೆ ಸಾಲದು, ಆ ಶಾಲೆಯ ಆ ಕೋರ್ಸನ್ನು ಯುಸಿ ಮೊದಲೇ ನೋಡಿ ಒಪ್ಪಿರಬೇಕು. ಶಾಲೆ ಕೋರ್ಸಿನ ವಿವರ ಸಲ್ಲಿಸುತ್ತದೆ: ಘಟಕಗಳು, ಓದು, ಬರವಣಿಗೆ, ಪ್ರಯೋಗ, ಮೌಲ್ಯಮಾಪನ, ಪಠ್ಯ. ಒಪ್ಪಿಗೆ ಸಿಕ್ಕರೆ ಶಾಲೆಯ ಪಟ್ಟಿಗೆ ಅದು ಸೇರುತ್ತದೆ. ಪಟ್ಟಿಯಲ್ಲಿ ಇಲ್ಲದ ಕೋರ್ಸಿನಲ್ಲಿ ‘ಎ’ ಬಂದಿದ್ದರೂ ಹದಿನೈದರೊಳಗೆ ಅದಕ್ಕೆ ಜಾಗವಿಲ್ಲ.

ಈ ಲೆಕ್ಕ ಇವ್ಯಾಂಜೆಲಿಕಲ್ ಶಾಲೆಯ ವೇಳಾಪಟ್ಟಿಯ ಮೇಲೆ ಹೇಗೆ ಕೂರುತ್ತದೆ ನೋಡಿ. ದಿನಕ್ಕೆ ಆರು ಪಿರಿಯಡ್ ಎಂದು ಹಿಡಿದರೆ ನಾಲ್ಕು ವರ್ಷಕ್ಕೆ 24 ಕೋರ್ಸ್. ಸತ್ಯವೇದಕ್ಕೆ 4 ಹೋದರೆ ಉಳಿದದ್ದು 20. ವ್ಯಾಯಾಮಕ್ಕೆ 2 ತೆಗೆದರೆ 18. ಅದರಲ್ಲಿ 15 ಯುಸಿಗೆ. ಕೈಯಲ್ಲಿ ಉಳಿಯುವುದು ಮೂರು. ಅಂದರೆ ಇತಿಹಾಸ, ಸಾಹಿತ್ಯ, ಜೀವಶಾಸ್ತ್ರ ಮೂರೂ ಒಪ್ಪಿಗೆಯಾಗದಿದ್ದರೆ ಆ ಮೂರು ಜಾಗ ತುಂಬಿ, ಒಂದು ವಿಷಯದಲ್ಲಿ ಗ್ರೇಡ್ ಬಿದ್ದ ಹುಡುಗನಿಗೆ ಮತ್ತೆ ತೆಗೆದುಕೊಳ್ಳಲು ಪಿರಿಯಡ್ಡೇ ಇರುವುದಿಲ್ಲ. ಇಂಗ್ಲಿಷಿನದು ಇನ್ನೂ ಬಿಗಿ. ಅದು ವರ್ಷಕ್ಕೊಂದರಂತೆ ನಾಲ್ಕು ಬೇಕಾದ್ದರಿಂದ, ಹನ್ನೊಂದನೇ ತರಗತಿಯ ಸಾಹಿತ್ಯದ ಕೋರ್ಸ್ ತಿರಸ್ಕೃತವಾದರೆ ಮರುವರ್ಷ ಎರಡು ಇಂಗ್ಲಿಷ್ ಒಟ್ಟಿಗೆ ಓದಬೇಕಾಗುತ್ತದೆ.

ವಿಜ್ಞಾನ ಮಾತ್ರ ಕಂಡಷ್ಟು ಕಠಿಣವಲ್ಲ. ಆಗಿನ ನಿಯಮದಂತೆ ಜೀವಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ ಮೂರರಲ್ಲಿ ಎರಡಿದ್ದರೆ ಸಾಕಿತ್ತು. ಇದೇ ಎರಡು ಪ್ರಕಾಶನಗಳ ರಸಾಯನ ಮತ್ತು ಭೌತಶಾಸ್ತ್ರದ ಪುಸ್ತಕ ಬಳಸುವ ಕೋರ್ಸ್‌ಗಳನ್ನು ಯುಸಿ ಒಪ್ಪಿತ್ತು. ಆ ಪುಸ್ತಕಗಳಲ್ಲೂ ದೇವರ ಮಾತು ಬರುತ್ತದೆ. ಯುಸಿಗೆ ಕ್ರೈಸ್ತ ಪ್ರಕಾಶನ ಎಂದರೇ ಆಗುವುದಿಲ್ಲ ಎಂಬ ಆರೋಪ ಸಡಿಲಾಗುವುದು ಇಲ್ಲಿಂದಲೇ.

ಯಾವುದು ಏಕೆ ಬಿತ್ತು

ಇತಿಹಾಸದ ಕೋರ್ಸಿನ ಹೆಸರು ‘ಅಮೆರಿಕದ ಮೇಲೆ ಕ್ರೈಸ್ತಧರ್ಮದ ಪ್ರಭಾವ’. ಹೆಸರೇ ಅರ್ಧ ಕಥೆ ಹೇಳುತ್ತದೆ. ವಿಶೇಷ ವಿಷಯದ ಐಚ್ಛಿಕವಾಗಿ ಇದು ಒಳ್ಳೆಯ ಕೋರ್ಸೇ ಇರಬಹುದು. ಆದರೆ ಶಾಲೆ ಕೇಳಿದ್ದು ಎರಡು ವರ್ಷದ ಕಡ್ಡಾಯ ಇತಿಹಾಸದ ಜಾಗ. ವ್ಯಾಪ್ತಿ ಕಿರಿದಾಯಿತು ಎಂದಿತು ಯುಸಿ. ಯುಸಿ ಪರ ತಜ್ಞರಾಗಿ ಬಂದ ಇತಿಹಾಸಕಾರ ಗ್ಯಾರಿ ನ್ಯಾಶ್ ಪುಸ್ತಕದ ಬಗ್ಗೆ ಕೊಟ್ಟ ಅಭಿಪ್ರಾಯ ಇನ್ನೂ ಮುಖ್ಯ: ವಿಮರ್ಶಾತ್ಮಕ ಯೋಚನೆಯನ್ನಾಗಲೀ ಇಂದಿನ ಇತಿಹಾಸಕಾರರು ಆಧಾರಗಳನ್ನು ವಿಶ್ಲೇಷಿಸುವ ವಿಧಾನವನ್ನಾಗಲೀ ಅದು ಸಾಕಷ್ಟು ಕಲಿಸುವುದಿಲ್ಲ. ಸರ್ಕಾರ ಎಂಬ ವಿಷಯದ ಕೋರ್ಸಿಗೂ ಹೆಸರಿನಲ್ಲೇ ದೈವಯೋಜನೆ ಇತ್ತು, ಅದೂ ಸುಮಾರು ಇದೇ ದಾರಿ ಹಿಡಿಯಿತು.

‘ಅಮೆರಿಕದ ಸಾಹಿತ್ಯದಲ್ಲಿ ಕ್ರೈಸ್ತಧರ್ಮ ಮತ್ತು ನೈತಿಕತೆ’ ಎಂಬ ಕೋರ್ಸು ಬಿದ್ದದ್ದಕ್ಕೆ ಧರ್ಮದ ಜೊತೆ ಸಂಬಂಧವೇ ಇಲ್ಲದ ಒಂದು ಕಾರಣವೂ ಇತ್ತು. ಅದರಲ್ಲಿ ಕಡ್ಡಾಯ ಓದಿಗೆ ಇದ್ದದ್ದು ಆಯ್ದ ಭಾಗಗಳ ಒಂದು ಸಂಕಲನ ಮಾತ್ರ. ಒಂದು ಕಾದಂಬರಿ ಪೂರ್ತಿ, ಒಂದು ನಾಟಕ ಪೂರ್ತಿ ಓದಿಸಬೇಕು ಎಂಬುದು ಇಂಗ್ಲಿಷ್ ಕೋರ್ಸಿಗೆ ಯುಸಿ ಎಲ್ಲ ಶಾಲೆಗಳ ಮುಂದೆಯೂ ಇಡುವ ಷರತ್ತು. ಯಾವ ಸರ್ಕಾರಿ ಶಾಲೆ ಕೇವಲ ಸಂಕಲನ ಹಿಡಿದು ಬಂದರೂ ವಾಪಸ್ ಹೋಗುತ್ತಿತ್ತು. ಕೋರ್ಸ್ ವಿವರಕ್ಕೆ ಮೂರು ನಾಲ್ಕು ಪೂರ್ಣ ಕೃತಿಗಳ ಹೆಸರು ಸೇರಿಸಿ, ಅವುಗಳ ಮೇಲೆ ಪ್ರಬಂಧ ಬರೆಸುವುದನ್ನು ನಮೂದಿಸಿದ್ದರೆ ಈ ಆಕ್ಷೇಪಣೆ ಅಲ್ಲಿಗೇ ಮುಗಿಯುತ್ತಿತ್ತು. ಇಷ್ಟು ಸುಲಭವಾಗಿ ಸರಿಪಡಿಸಬಹುದಾದದ್ದನ್ನು ಸಂವಿಧಾನದ ಪ್ರಶ್ನೆಯಾಗಿಸಿದ್ದು ವಾದಿಗಳ ಕಡೆಯ ದೊಡ್ಡ ದೌರ್ಬಲ್ಯ.

ಧರ್ಮಗಳ ಕೋರ್ಸಿಗೆ ಅಡ್ಡ ಬಂದದ್ದು ಯುಸಿಯ ಒಂದು ಲಿಖಿತ ನಿಯಮ. ಧರ್ಮ ಅಥವಾ ನೀತಿಶಾಸ್ತ್ರದ ಕೋರ್ಸು ವಿದ್ವತ್ತಿನ ವಿಚಾರಣೆಯ ನೆಲೆಯಿಂದ ಇರಬೇಕು, ಒಂದೇ ಪಂಥದ ಅಥವಾ ಒಂದೇ ದೃಷ್ಟಿಯ ಚೌಕಟ್ಟಿಗೆ ಕಟ್ಟುಬೀಳಬಾರದು. ವಾದಿಗಳ ಅತ್ಯಂತ ಗಟ್ಟಿಯಾದ ವಾದ ಇದರ ಮೇಲೆಯೇ ಇತ್ತು. ಬೌದ್ಧ ಮತ್ತು ಯಹೂದಿ ಪರಂಪರೆಗಳ ಕೋರ್ಸ್‌ಗಳಿಗೆ ಒಪ್ಪಿಗೆ ಕೊಟ್ಟಿದ್ದೀರಿ, ಕ್ರೈಸ್ತ ದೃಷ್ಟಿಗೆ ಮಾತ್ರ ತಡೆ ಏಕೆ ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಆದರೆ ಒಂದು ಧರ್ಮವನ್ನು ವಿಷಯವಾಗಿ ಇಟ್ಟುಕೊಂಡು ಅಭ್ಯಾಸ ಮಾಡುವುದು ಬೇರೆ, ಒಂದು ಧರ್ಮದೊಳಗೆ ನಿಂತು ಉಳಿದವನ್ನೆಲ್ಲ ಅಳೆಯುವುದು ಬೇರೆ. ಯುಸಿ ಆ ಗೆರೆಯನ್ನೇ ಹಿಡಿಯಿತು.

ಜೀವಶಾಸ್ತ್ರದಲ್ಲಿ ಪ್ರಕಾಶಕರು ಯಾವುದನ್ನೂ ಮುಚ್ಚಿಟ್ಟಿರಲಿಲ್ಲ. ಬಾಬ್ ಜೋನ್ಸ್ ಪ್ರೆಸ್ಸಿನ ಪಠ್ಯದ ಪೀಠಿಕೆಯಲ್ಲೇ ದೇವರ ವಾಕ್ಯ ಮೊದಲು, ವಿಜ್ಞಾನ ಆಮೇಲೆ ಎಂಬ ಕ್ರಮ ಸ್ಪಷ್ಟವಾಗಿದೆ. ವಾಕ್ಯಕ್ಕೆ ವಿರುದ್ಧವಾದ ತೀರ್ಮಾನದ ಬೆನ್ನಿಗೆ ಎಷ್ಟು ವೈಜ್ಞಾನಿಕ ಸಂಗತಿಗಳಿದ್ದರೂ ಅದು ತಪ್ಪು ಎಂದೂ ಅಲ್ಲಿದೆ. ಶಾಲೆಯ ವಿಶ್ವಾಸದ ಹೇಳಿಕೆಯಲ್ಲಿ ಈ ಮಾತಿಗೆ ಯಾರ ಅಡ್ಡಿಯೂ ಇಲ್ಲ. ವಿಜ್ಞಾನದ ಪಠ್ಯದಲ್ಲಿ ಬಂದಾಗ ಅದು ಸಾಕ್ಷ್ಯವನ್ನು ತೂಗುವ ವಿಧಾನವನ್ನೇ ಬದಲಿಸುತ್ತದೆ. ಕಾಲೇಜಿನ ಮೊದಲ ವರ್ಷದ ಪ್ರಯೋಗಾಲಯಕ್ಕೆ ಬೇಕಾದದ್ದು ಆ ವಿಧಾನವೇ. ಯುಸಿ ತನ್ನ ಪತ್ರದಲ್ಲಿ, ಕೋರ್ಸಿನ ಹುರುಳು ವಿಜ್ಞಾನ ಸಮುದಾಯ ಒಪ್ಪಿದ ದೃಷ್ಟಿಕೋನ ಮತ್ತು ಜ್ಞಾನಕ್ಕೆ ಹೊಂದುವುದಿಲ್ಲ ಎಂಬರ್ಥದಲ್ಲಿ ಬರೆದಿತ್ತು. ಅಮೆರಿಕದ ಸಂವಿಧಾನದಲ್ಲಿ ದೃಷ್ಟಿಕೋನದ ಆಧಾರದ ಮೇಲೆ ಸರ್ಕಾರ ತಾರತಮ್ಯ ಮಾಡುವುದು ಗಂಭೀರ ತಪ್ಪು, ಯುಸಿ ರಾಜ್ಯದ ಅಂಗ. ಪತ್ರದ ಆ ಸಾಲು ಬರ್ಡ್ ಅವರಿಗೆ ಒಳ್ಳೆಯ ಹಿಡಿಕೆಯಾಯಿತು. ‘ವಿಕಾಸದ ಅಧ್ಯಾಯ ಸಾಕಷ್ಟಿಲ್ಲ’ ಎಂದಷ್ಟೇ ಬರೆದಿದ್ದರೆ ಯುಸಿಗೆ ಕೆಲವು ತಿಂಗಳ ತಲೆನೋವಾದರೂ ತಪ್ಪುತ್ತಿತ್ತೇನೋ.

ಗಮನಿಸಬೇಕಾದ ಸಂಗತಿ: ಈ ಪುಸ್ತಕಗಳನ್ನು ತರಗತಿಯಲ್ಲಿ ಇಡಲೇಬಾರದು ಎಂದು ಯುಸಿ ಹೇಳಲಿಲ್ಲ. ಅವು ಪ್ರಧಾನ ಪಠ್ಯವಾಗಕೂಡದು, ಪೂರಕವಾಗಿ ಇರಬಹುದು ಎಂಬುದು ಅದರ ನಿಲುವು.

ನ್ಯಾಯಾಲಯ ನೋಡಿದ್ದು

ಪ್ರಕರಣ ಜಿಲ್ಲಾ ನ್ಯಾಯಾಧೀಶ ಎಸ್. ಜೇಮ್ಸ್ ಒಟೇರೊ ಅವರ ಮುಂದೆ ಬಂತು. ಪೂರ್ಣ ವಿಚಾರಣೆ ನಡೆಯಲಿಲ್ಲ, ದಾಖಲೆ ಮತ್ತು ತಜ್ಞರ ಲಿಖಿತ ಹೇಳಿಕೆಗಳ ಮೇಲೆಯೇ ತೀರ್ಮಾನವಾಯಿತು. 2008ರ ಮಾರ್ಚ್‌ನಲ್ಲಿ ಮೊದಲ ಭಾಗ: ಯುಸಿಯ ನಿಯಮಗಳು ಬರೆದ ರೂಪದಲ್ಲಿ ಸಂವಿಧಾನಬಾಹಿರವೇ? ಅಲ್ಲ. ವಿಶ್ವವಿದ್ಯಾಲಯ ತನಗೆ ಬರುವ ವಿದ್ಯಾರ್ಥಿಯ ತಯಾರಿಯನ್ನು ಅಳೆಯುವುದು ಅದರ ಕೆಲಸ, ಗುಣಮಟ್ಟ ಅಳೆಯುವಾಗ ವಿಷಯವನ್ನು ನೋಡದೆ ಆಗುವುದಿಲ್ಲ. ಅದೇ ವರ್ಷದ ಆಗಸ್ಟ್ 8ರಂದು ಎರಡನೇ ಭಾಗ: ಈ ನಿರ್ದಿಷ್ಟ ಕೋರ್ಸ್‌ಗಳನ್ನು ತಳ್ಳಿಹಾಕಿದ್ದು ಸಕಾರಣವೇ, ಅಥವಾ ದ್ವೇಷದಿಂದಲೇ? ಪ್ರತಿ ಕೋರ್ಸಿಗೂ ಸಕಾರಣ ಆಧಾರವಿದೆ, ದ್ವೇಷಕ್ಕೆ ಪುರಾವೆಯಿಲ್ಲ ಎಂದಾಯಿತು.

ತಜ್ಞರ ಹೇಳಿಕೆಗಳಲ್ಲಿ ಎರಡು ಕಡೆಯ ಹೊಂದಾಣಿಕೆ ತಪ್ಪಿದ್ದು ಕಣ್ಣಿಗೆ ಬೀಳುತ್ತದೆ. ಯುಸಿ ಪರ ಸ್ಟ್ಯಾನ್‌ಫರ್ಡ್‌ನ ಮಾಜಿ ಅಧ್ಯಕ್ಷ, ಜೀವಶಾಸ್ತ್ರಜ್ಞ ಡೊನಾಲ್ಡ್ ಕೆನಡಿ ಮತ್ತು ವಿಕಾಸ ಜೀವಶಾಸ್ತ್ರಜ್ಞ ಫ್ರಾನ್ಸಿಸ್ಕೊ ಅಯಾಲ ಪುಸ್ತಕಗಳನ್ನು ಓದಿ, ಪ್ರಧಾನ ಪಠ್ಯವಾಗಲು ಇವು ತಕ್ಕವಲ್ಲ ಎಂದರು. ಅಯಾಲ ಒಂದು ಕಾಲಕ್ಕೆ ಪಾದ್ರಿ ದೀಕ್ಷೆ ಪಡೆದಿದ್ದವರು ಎಂಬುದನ್ನು ಇದು ವಿಜ್ಞಾನ ಮತ್ತು ವಿಶ್ವಾಸದ ಯುದ್ಧ ಎಂದು ಬರೆದವರು ಮರೆತಂತಿತ್ತು. ವಾದಿಗಳ ಪರ ಬುದ್ಧಿವಂತ ವಿನ್ಯಾಸ ವಾದದ (ಜೀವಿಗಳ ರಚನೆಯ ಹಿಂದೆ ಒಂದು ಬುದ್ಧಿಶಕ್ತಿ ಇದೆ ಎಂಬ ವಾದ) ಮೈಕೆಲ್ ಬೀಹಿ ಬಂದರು. ಪುಸ್ತಕದಲ್ಲಿ ಸಾಮಾನ್ಯ ಜೀವಶಾಸ್ತ್ರದ ವಿಷಯಗಳೆಲ್ಲ ಉಲ್ಲೇಖವಾಗಿವೆ ಎಂದು ಅವರು ತೋರಿಸಿದರು. ಎಷ್ಟು ಆಳವಾಗಿ, ಎಷ್ಟು ವಿವರವಾಗಿ ಎಂಬುದನ್ನು ಅವರು ಪರಿಶೀಲಿಸಿಲ್ಲ ಎಂದು ನ್ಯಾಯಾಧೀಶರು ಗುರುತಿಸಿದರು. ಪರಿವಿಡಿಯಲ್ಲಿ ಹೆಸರಿದೆಯೇ ಎಂಬ ಪ್ರಶ್ನೆಗೆ ಒಂದು ಕಡೆ ಉತ್ತರ ಸಿದ್ಧ ಮಾಡಿಕೊಂಡಿತ್ತು, ಇನ್ನೊಂದು ಕಡೆ ಓದಿದ ಹುಡುಗನಿಗೆ ಏನು ಬರುತ್ತದೆ ಎಂಬ ಪ್ರಶ್ನೆಗೆ. ನ್ಯಾಯಾಲಯಕ್ಕೆ ಬೇಕಾಗಿದ್ದದ್ದು ಎರಡನೆಯದು.

2010ರ ಜನವರಿಯಲ್ಲಿ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ತೀರ್ಪನ್ನು ಎತ್ತಿಹಿಡಿಯಿತು. ಆ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಕೈಗೆತ್ತಿಕೊಳ್ಳಲಿಲ್ಲ.

ವಿದ್ಯಾರ್ಥಿಗಳಿಗೆ ಇದ್ದ ದಾರಿಗಳು

ಐದು ವರ್ಷ ಎಂದರೆ ಹೈಸ್ಕೂಲಿನ ಒಂದಿಡೀ ತಂಡ ಒಳಗೆ ಬಂದು ಹೊರಗೆ ಹೋಗುವಷ್ಟು ಕಾಲ. ಹಾಗಾಗಿ ದಾವೆಯ ಫಲಕ್ಕಾಗಿ ಕಾಯುವುದು ಯಾವ ವಿದ್ಯಾರ್ಥಿಗೂ ಉಪಾಯವಾಗಿರಲಿಲ್ಲ. ಒಪ್ಪಿಗೆಯಿಲ್ಲದ ಕೋರ್ಸಿನ ಜಾಗ ತುಂಬಲು ಬೇರೆ ದಾರಿಗಳಿದ್ದವು: ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿಯ ಆ ವಿಷಯದ ಪರೀಕ್ಷೆಯಲ್ಲಿ ನಿಗದಿತ ಅಂಕ, ಅಥವಾ ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಎಪಿ, ಐಬಿ ಪರೀಕ್ಷೆ, ಅಥವಾ ಸಮುದಾಯ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಸರ್ಕಾರಿ ಕಾಲೇಜು) ಒಂದು ಕೋರ್ಸ್. ಪರೀಕ್ಷೆಯ ಅಂಕ ಬಹಳ ಮೇಲಿದ್ದರೆ ಅದರಿಂದಲೇ ಪ್ರವೇಶ ಪಡೆಯುವ, ಅಪವಾದವಾಗಿ ಪ್ರವೇಶ ಪಡೆಯುವ ಅವಕಾಶಗಳೂ ಇದ್ದವು. ಈ ಬಾಗಿಲುಗಳು ತೆರೆದಿದ್ದದ್ದು ಯುಸಿಯ ಪರವಾಗಿ ಕೆಲಸ ಮಾಡಿತು: ಶಾಲೆ ತನ್ನ ಕೋರ್ಸನ್ನು ಕಲಿಸುವುದನ್ನು ಯಾರೂ ತಡೆದಿಲ್ಲ, ವಿದ್ಯಾರ್ಥಿ ಕಲಿತದ್ದನ್ನು ಬೇರೆ ರೀತಿ ತೋರಿಸಬಹುದು.

ಮುಂದೆ ಇದರಲ್ಲಿ ಕೆಲವು ಬಾಗಿಲು ಮುಚ್ಚಿವೆ. 2021ರಲ್ಲಿ ಎಸ್‌ಎಟಿ ವಿಷಯ ಪರೀಕ್ಷೆಗಳೇ ನಿಂತುಹೋದವು. ಯುಸಿಯೂ ಎಸ್‌ಎಟಿ ಮತ್ತು ಅದರಂಥದೇ ಪರೀಕ್ಷೆಯಾದ ಎಸಿಟಿಯ ಅಂಕಗಳನ್ನು ಪ್ರವೇಶದ ನಿರ್ಧಾರಕ್ಕೆ ನೋಡುವುದನ್ನು ಬಿಟ್ಟಿದೆ. ಪರೀಕ್ಷೆಯ ಒತ್ತಡ ಇಳಿಯಿತು ಎಂದು ಬಹುಪಾಲು ಮಕ್ಕಳಿಗೆ ಇದು ಸಂತೋಷದ ಸುದ್ದಿ. ಒಪ್ಪಿಗೆಯಿಲ್ಲದ ಕೋರ್ಸ್ ಓದಿದ ಕ್ರೈಸ್ತ ಶಾಲೆಯ ವಿದ್ಯಾರ್ಥಿಗೆ ಮಾತ್ರ ಅದು ಒಂದು ದಾರಿ ಕಡಿಮೆಯಾದಂತೆ. ಕೋರ್ಸ್ ಪಟ್ಟಿಯ ತೂಕ ಈಗ 2005ಕ್ಕಿಂತ ಹೆಚ್ಚು.

ಆದ್ದರಿಂದ ಪಟ್ಟಿಯ ಕೆಲಸ ಈಗ ಇಂಥ ಶಾಲೆಯ ವಿದ್ಯಾರ್ಥಿ ಸಲಹೆಗಾರರಿಗೆ ವರ್ಷವಿಡೀ ಇರುವ ಕೆಲಸ. ಕೋರ್ಸ್ ಸಲ್ಲಿಕೆಗೆ ಫೆಬ್ರವರಿ 1ರಿಂದ ಸೆಪ್ಟೆಂಬರ್ 15ರವರೆಗೆ ಅವಕಾಶ, ವಿದ್ಯಾರ್ಥಿಗಳ ಅರ್ಜಿ ಸಲ್ಲಿಕೆ ಅಕ್ಟೋಬರ್, ನವೆಂಬರ್‌ನಲ್ಲಿ. ಹೊಸ ಕೋರ್ಸನ್ನು ಶಾಲೆ ಶುರುವಾದ ಮೇಲೆ ಸಲ್ಲಿಸಿ ಅದು ತಿರಸ್ಕೃತವಾದರೆ ತಿದ್ದಿ ಮತ್ತೆ ಕಳಿಸಲು ದಿನಗಳೇ ಇರುವುದಿಲ್ಲ. ಹಾಗಾಗಿ ವಸಂತದಲ್ಲೇ ಕಳಿಸುವುದು ಕ್ಷೇಮ. ಜೀವಶಾಸ್ತ್ರಕ್ಕೆ ಸಾಮಾನ್ಯ ಪ್ರಕಾಶನದ ಪಠ್ಯವನ್ನು ಪ್ರಧಾನವಾಗಿ ಇಟ್ಟು, ಕ್ರೈಸ್ತ ಪಠ್ಯವನ್ನು ಪೂರಕ ಎಂದು ನಮೂದಿಸಬೇಕು. ನಮೂದಿಸಿದಂತೆ ಕಲಿಸಲೂಬೇಕು. ಕಾಗದದ ಮೇಲೆ ಒಂದು ಪುಸ್ತಕ, ತರಗತಿಯಲ್ಲಿ ಇನ್ನೊಂದು ಎಂದಾದರೆ ಕಷ್ಟಕ್ಕೆ ಸಿಲುಕುವವರು ಕಾಲೇಜಿಗೆ ಹೋದ ಮಕ್ಕಳು. ವಿಕಾಸದ ಘಟಕಕ್ಕೆ ಎಷ್ಟು ವಾರ, ಯಾವ ಪ್ರಯೋಗ, ಯಾವ ದತ್ತಾಂಶವನ್ನು ವಿದ್ಯಾರ್ಥಿಯೇ ವಿಶ್ಲೇಷಿಸುತ್ತಾನೆ ಎಂಬುದನ್ನು ಬರೆಯಬೇಕು. ಸೃಷ್ಟಿಯ ಪಾಠವನ್ನು ಸತ್ಯವೇದದ ಪಿರಿಯಡ್‌ನಲ್ಲಿ, ಆದಿಕಾಂಡದ ಜೊತೆ, ಬೇಕಾದಷ್ಟು ಆಳವಾಗಿ ಮಾಡಬಹುದು. ಆ ಪಿರಿಯಡ್ ಎ–ಜಿ ಲೆಕ್ಕಕ್ಕೆ ಬರುವುದಿಲ್ಲವಾದ್ದರಿಂದ ಅದರೊಳಗೆ ಯುಸಿಗೆ ಕೆಲಸವಿಲ್ಲ.

ಇತಿಹಾಸದಲ್ಲಿ ಮೂಲ ದಾಖಲೆಗಳ ಪಟ್ಟಿ ಕೊಡಬೇಕು, ಅದರಲ್ಲಿ ವಸಾಹತು ಕಾಲದ ಕಟ್ಟಾ ಪ್ರೊಟೆಸ್ಟಂಟರಾದ ಪ್ಯೂರಿಟನ್ನರ ಪ್ರವಚನಗಳೂ ಇರಲಿ, ಅವರನ್ನು ವಿರೋಧಿಸಿದವರ ಬರಹಗಳೂ ಇರಲಿ. ಹೆಸರು ‘ಅಮೆರಿಕ ಸಂಯುಕ್ತ ಸಂಸ್ಥಾನದ ಇತಿಹಾಸ’ ಎಂದಿದ್ದರೆ ಸಾಕು. ಇಷ್ಟೆಲ್ಲ ಮಾಡಿಯೂ ಕೋರ್ಸ್ ವಾಪಸ್ ಬಂದ ವರ್ಷ, ಹಳೆಯ ಪಠ್ಯದಲ್ಲೇ ಜೀವಶಾಸ್ತ್ರ ಮುಗಿಸಿದ ಹನ್ನೊಂದನೇ ತರಗತಿಯ ವಿದ್ಯಾರ್ಥಿಗೆ ಎಪಿ ಜೀವಶಾಸ್ತ್ರ ಪರೀಕ್ಷೆಯಲ್ಲಿ 5ಕ್ಕೆ 3 ಅಥವಾ ಹೆಚ್ಚು ಪಡೆಯುವ ದಾರಿ ಉಳಿದಿದೆ. ಅದಕ್ಕೆ ಧೈರ್ಯವಿಲ್ಲದಿದ್ದರೆ ಬೇಸಿಗೆಯಲ್ಲಿ ಸಮುದಾಯ ಕಾಲೇಜು: ಯುಸಿಗೆ ವರ್ಗಾಯಿಸಬಹುದಾದ, ಪ್ರಯೋಗಾಲಯವಿರುವ ಒಂದು ಸೆಮಿಸ್ಟರ್‌ನ ಜೀವಶಾಸ್ತ್ರವನ್ನು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ ಎಂದು ಎಣಿಸಲಾಗುತ್ತದೆ. ಸೇರುವ ಮುನ್ನ ಪ್ರಾಂಶುಪಾಲರ ಸಹಿ ಬೇಕಾಗುತ್ತದೆ. ಅದನ್ನು ಮೇ ತಿಂಗಳೊಳಗೆ ಪಡೆದಿಟ್ಟುಕೊಳ್ಳುವುದು ಒಳ್ಳೆಯದು, ಏಕೆಂದರೆ ಬೇಸಿಗೆ ರಜೆಯಲ್ಲಿ ಶಾಲೆಯ ಕಚೇರಿಯಲ್ಲಿ ಯಾರೂ ಸಿಗದಿರಬಹುದು.